ಕಂಟೇನರ್‌ನಲ್ಲಿ ಜಾವಾ ಸರ್ವರ್: ಸೆಟ್ಟಿಂಗ್ಸ್ ಕೊಡುವುದು ಹೇಗೆ?

ಟೆಸ್ಟಿಂಗ್‌ನಲ್ಲಿ ಸಲೀಸಾಗಿ ಓಡಿದ ಜಾವಾ ಅಪ್ಲಿಕೇಶನ್, ಪ್ರೊಡಕ್ಷನ್‌ಗೆ ಹೋದ ಮೇಲೂ ಟೆಸ್ಟಿಂಗ್ ಡೇಟಾಬೇಸನ್ನೇ ಹುಡುಕುತ್ತಿದೆಯೇ? ಡೇಟಾಬೇಸ್ ವಿಳಾಸ, ಪಾಸ್‌ವರ್ಡ್ ಎಲ್ಲವನ್ನೂ ಡಾಕರ್ ಇಮೇಜ್ ಒಳಗೇ ಸೇರಿಸಿದ್ದರೆ ಹೀಗಾಗುತ್ತದೆ. ಅಷ್ಟೇ ಅಲ್ಲ, ಇಮೇಜ್ ಸಿಕ್ಕವರಿಗೆ ಪಾಸ್‌ವರ್ಡೂ ಸಿಕ್ಕಂತೆ. ಆಮೇಲೆ ಫೈಲ್ ಅಳಿಸಿದರೂ ಹಿಂದಿನ ಲೇಯರ್‌ನಲ್ಲಿ ಅದು ಉಳಿದೇ ಇರುತ್ತದೆ.

ಸುಲಭದ ದಾರಿ ಎನ್ವಿರಾನ್‌ಮೆಂಟ್ ವೇರಿಯಬಲ್. ಕಂಟೇನರ್ ಶುರು ಮಾಡುವಾಗಲೇ ಹೆಸರು, ಮೌಲ್ಯ ಕೊಟ್ಟರಾಯಿತು. ಸ್ಪ್ರಿಂಗ್ ಬೂಟ್‌ನಲ್ಲಂತೂ ಇಮೇಜ್‌ನೊಳಗಿನ ಪ್ರಾಪರ್ಟೀಸ್ ಫೈಲ್‌ಗಿಂತ ಇದಕ್ಕೇ ಮೇಲುಗೈ.

ಜೆವಿಎಂಗೆ ಹೋಗಬೇಕಾದ ಸೂಚನೆಗಳ ಕಥೆ ಬೇರೆ. ಅನೇಕರು ಎಡವುವುದು ಇಲ್ಲೇ. 'ಜಾವಾ ಆಪ್ಟ್ಸ್' ಎಂಬ ವೇರಿಯಬಲನ್ನು ಜೆವಿಎಂ ತಾನಾಗಿ ಓದುವುದಿಲ್ಲ. ಟಾಮ್‌ಕ್ಯಾಟ್‌ನಂತೆ ಸ್ಟಾರ್ಟ್ ಸ್ಕ್ರಿಪ್ಟ್ ಅದನ್ನು ಓದಿ ದಾಟಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಜೆವಿಎಂ ನೇರವಾಗಿ ಓದುವುದು 'ಜಾವಾ ಟೂಲ್ ಆಪ್ಷನ್ಸ್' ಅನ್ನು. ಓದಿದರೆ ಲಾಗ್‌ನಲ್ಲಿ 'ಪಿಕ್ಡ್ ಅಪ್' ಎಂದು ಶುರುವಾಗುವ ಸಾಲು ಬರುತ್ತದೆ. ಮೊದಲು ಅದನ್ನು ಹುಡುಕಿ.

ಮೆಮೊರಿಯನ್ನೂ ಇಲ್ಲೇ ಹೇಳಬೇಕು. 2018ರಲ್ಲಿ ಬಂದ ಜಾವಾ 10ರಿಂದ ಜೆವಿಎಂಗೆ ಕಂಟೇನರ್‌ನ ಮಿತಿ ತಿಳಿಯುತ್ತದೆ. ಆದರೆ ನೀವೇನೂ ಹೇಳದಿದ್ದರೆ ಹೀಪ್‌ಗೆ ಸಾಮಾನ್ಯವಾಗಿ ಕಾಲು ಭಾಗ ಮಾತ್ರ, ಅಂದರೆ 2 ಜಿಬಿಯಲ್ಲಿ 512 ಎಂಬಿ. 'ಮ್ಯಾಕ್ಸ್ ರ‍್ಯಾಮ್ ಪರ್ಸೆಂಟೇಜ್' ಬಳಸಿ ಇದನ್ನು ಹೆಚ್ಚಿಸಬಹುದು. ಹಾಗಂತ 100ಕ್ಕೆ ಏರಿಸಬೇಡಿ. ಥ್ರೆಡ್‌ಗಳಿಗೂ ಜಾಗ ಬೇಕು. ಮಿತಿ ಮೀರಿದರೆ ಕರ್ನಲ್ ಪ್ರೊಸೆಸನ್ನೇ ಕೊಲ್ಲುತ್ತದೆ, ನಿಮಗೆ ಕಾಣುವುದು 137 ಎಂಬ ಎಕ್ಸಿಟ್ ಕೋಡ್ ಅಷ್ಟೇ.

ಇನ್ನು ಪಾಸ್‌ವರ್ಡ್. ವೇರಿಯಬಲ್‌ನಲ್ಲಿಟ್ಟದ್ದು 'ಡಾಕರ್ ಇನ್‌ಸ್ಪೆಕ್ಟ್' ಕೊಟ್ಟವರಿಗೆ ಹಾಗೇ ಕಾಣುತ್ತದೆ. ಅದನ್ನು ಫೈಲ್ ಆಗಿ ಮೌಂಟ್ ಮಾಡುವುದೇ ಮೇಲು. ಕುಬರ್ನೆಟಿಸ್‌ನ 'ಸೀಕ್ರೆಟ್' ಇದಕ್ಕೆಂದೇ ಇದೆ. ಆದರೆ ಹೆಸರು ನೋಡಿ ಮೋಸ ಹೋಗಬೇಡಿ: ಅದರಲ್ಲಿ ಕಾಣುವ ಬೇಸ್64 ಬರೀ ಎನ್‌ಕೋಡಿಂಗ್, ಎನ್‌ಕ್ರಿಪ್ಶನ್ ಅಲ್ಲ.