‘ಎಣ್ಣೆ ನೋಡಿದ್ಯಾ?’: ಲಕ್ಷ ಕಿ.ಮೀ. ದಾಟಿದ ಕಾರಿನ ಬಾಯಾರಿಕೆ

ನಾನು ಊರಿಗೆ ಹೊರಡುವ ಹಿಂದಿನ ರಾತ್ರಿ ಅಪ್ಪನ ಫೋನ್ ಬರುತ್ತೆ. ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಎಣ್ಣೆ ನೋಡಿದ್ಯಾ?" ಪಕ್ಕದಲ್ಲಿರೋ ರೂಮ್‌ಮೇಟ್ ಬೇರೆಯೇ ಅರ್ಥ ಮಾಡ್ಕೊಂಡು ನಗ್ತಾನೆ, ಆದ್ರೆ ಅಪ್ಪ ಕೇಳೋದು ಎಂಜಿನ್ ಆಯಿಲ್ ಬಗ್ಗೆ. "ಹೂಂ, ನೋಡಿದೆ" ಅಂತೀನಿ. ನೋಡಿರಲ್ಲ.

ಕಾರು ಅಪ್ಪನದ್ದೇ. ಹದಿನಾಲ್ಕು ವರ್ಷದ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಮೀಟರ್‌ನಲ್ಲಿ ಒಂದು ಲಕ್ಷದ ನಲವತ್ತಾರು ಸಾವಿರ. ರಾತ್ರಿ ಓಡಿಸೋಕೆ ಕಣ್ಣು ಸಾಲ್ತಿಲ್ಲ ಅಂತ ಎರಡು ವರ್ಷದ ಹಿಂದೆ ಕೀ ನನ್ನ ಕೈಗೆ ಕೊಟ್ಟರು. ಕಳೆದ ಸಲ ಬೆಂಗಳೂರಿನಿಂದ ಪುತ್ತೂರಿಗೆ ಹೋಗ್ತಾ ಶಿರಾಡಿ ಘಾಟಿ ಇಳಿಯುವಾಗ, ಒಂದು ತಿರುವಿನಲ್ಲಿ ಎಣ್ಣೆ ಗಿಂಡಿಯಂಥ ಕೆಂಪು ದೀಪ ಮಿಣುಕಿ ಆರಿತು. ಇನ್ನೊಂದು ತಿರುವಿನಲ್ಲಿ ಮತ್ತೆ. ವೈರಿಂಗ್ ಇರಬೇಕು ಅಂದುಕೊಂಡು ಗುಂಡ್ಯ ದಾಟಿ, ನೆಲ್ಯಾಡಿಯ ಒಂದು ಗ್ಯಾರೇಜ್ ಎದುರು ನಿಲ್ಲಿಸಿದೆ. ಮೆಕ್ಯಾನಿಕ್ ಡಿಪ್‌ಸ್ಟಿಕ್ ಎಳೆದು ನೋಡಿದ್ರು. "ಎಂತ ಮಾರಾಯ್ರೇ, ಇದರಲ್ಲಿ ಪಸೆಯೇ ಇಲ್ಲ!" ಮೇಲಿನ ಗುರುತಿನವರೆಗೆ ತುಂಬಿಸಲು 1.8 ಲೀಟರ್ ಬೇಕಾಯ್ತು. ಈ ಎಂಜಿನ್ ಹಿಡಿಯೋದೇ ಮೂರು ಲೀಟರ್ ಚಿಲ್ಲರೆ.

ಆ ಕೆಂಪು ದೀಪ ಆಯಿಲ್ ಎಷ್ಟಿದೆ ಅಂತ ಹೇಳುವುದಿಲ್ಲ, ಒತ್ತಡ ಇದೆಯೋ ಇಲ್ಲವೋ ಅನ್ನೋದನ್ನಷ್ಟೇ ಹೇಳುತ್ತೆ ಅಂತ ನನಗೆ ಗೊತ್ತಾಗಿದ್ದು ಅವತ್ತು. ತಿರುವಿನಲ್ಲಿ ಉಳಿದ ಆಯಿಲ್ ಒಂದು ಪಕ್ಕಕ್ಕೆ ಸರಿದು ಪಂಪ್ ಗಾಳಿ ಎಳೀತಿತ್ತು. ದೀಪ ಹೊತ್ತಿದಾಗ ಒಳಗೆ ಲೋಹಕ್ಕೆ ಲೋಹ ಉಜ್ಜುವ ಹಂತ ಬಂದಿರುತ್ತೆ. ಕಂಡ ತಕ್ಷಣ ಗಾಡಿ ಪಕ್ಕಕ್ಕೆ ಹಾಕಿ ಎಂಜಿನ್ ಆಫ್ ಮಾಡಬೇಕು. ನಾನು ನೆಲ್ಯಾಡಿವರೆಗೂ ಓಡಿಸಿದ್ದೆ. ಮನೆಯಲ್ಲಿ ಈ ವಿಷಯ ಬಾಯಿಬಿಡಲಿಲ್ಲ.

ಬೆಂಗಳೂರಿಗೆ ವಾಪಸ್ ಬಂದು ಗ್ಯಾರೇಜಿಗೆ ತೋರಿಸಿದರೆ, "ರಿಂಗ್ ಹೋಗಿದೆ ಸಾರ್, ಎಂಜಿನ್ ಬಿಚ್ಚಬೇಕು" ಅಂದ್ರು. ಹೇಳಿದ ಮೊತ್ತ ಕಾರಿನ ಈಗಿನ ಬೆಲೆಯ ಅರ್ಧ. ಒಪ್ಪುವ ಮುಂಚೆ ಮೊಬೈಲ್‌ನಲ್ಲಿ ಒಂದು ಲೆಕ್ಕ ಹಾಕಿದೆ. ಹಿಂದಿನ ಸರ್ವಿಸ್ ಆದ ಮೇಲೆ ಓಡಿದ್ದು 8,000 ಕಿ.ಮೀ. ಅಂದ್ರೆ ಸಾವಿರ ಕಿ.ಮೀ.ಗೆ 225 ಮಿ.ಲೀ., ಒಂದು ದೊಡ್ಡ ಲೋಟ ಕಾಫಿಯಷ್ಟು. ಹೊಸ ಕಾರಿಗೇ ಸಾವಿರಕ್ಕೆ ಅರ್ಧ ಲೀಟರ್, ಕೆಲವೊಮ್ಮೆ ಒಂದು ಲೀಟರ್‌ವರೆಗೂ ಸಹಜ ಅಂತ ಬರೆದಿರುವ ಮ್ಯಾನ್ಯುಯಲ್‌ಗಳಿವೆ. (ಕಂಪನಿಗಳ ಈ ಉದಾರತೆ ವಾರಂಟಿಯಿಂದ ತಪ್ಪಿಸಿಕೊಳ್ಳೋಕೆ ಅಂತ ನನ್ನ ಅನುಮಾನ.) ಆದ್ರೆ ಅದೇ 225ನ್ನು 10,000 ಕಿ.ಮೀ. ಸರ್ವಿಸ್ ಅವಧಿಗೆ ಗುಣಿಸಿ: ಎರಡೂಕಾಲು ಲೀಟರ್. ಆ್ಯಪ್‌ನಲ್ಲಿ ಸರ್ವಿಸ್ ರಿಮೈಂಡರ್ ಬರೋ ಹೊತ್ತಿಗೆ ಎಂಜಿನ್ನಿನಲ್ಲಿ ಉಳಿಯೋದು ಸುಮಾರು ಒಂದು ಲೀಟರ್!

ಹಾಗಾದ್ರೆ ಆಯಿಲ್ ಹೋಗುತ್ತೆ ಎಲ್ಲಿಗೆ? ಒಂದೋ ಸೋರುತ್ತೆ, ಇಲ್ಲವೇ ಉರಿದುಹೋಗುತ್ತೆ. ರಾತ್ರಿ ಎಂಜಿನ್ ಕೆಳಗೆ ಒಂದು ರಟ್ಟು ಹಾಸಿಟ್ಟರೆ ಸೋರಿಕೆ ಬೆಳಿಗ್ಗೆ ಗೊತ್ತಾಗುತ್ತೆ. ಉರಿಯೋ ಆಯಿಲ್‌ಗೆ ದಾರಿ ಎರಡು. ಪಿಸ್ಟನ್ ಮೇಲಿನ ಆಯಿಲ್ ರಿಂಗ್ ಸವೆದರೆ ಅಥವಾ ಮಸಿ ಕಟ್ಟಿ ಅಂಟಿಕೊಂಡರೆ ಸಿಲಿಂಡರ್ ಗೋಡೆಯ ಆಯಿಲ್ ಕೆರೆದು ಕೆಳಗಿಳಿಸಲು ಆಗಲ್ಲ. ಇನ್ನೊಂದು ವಾಲ್ವ್ ಸೀಲ್: ವರ್ಷಗಟ್ಟಲೆ ಬಿಸಿ ತಿಂದು ರಬ್ಬರ್ ಗಟ್ಟಿಯಾಗಿ, ಮೇಲಿನಿಂದ ಆಯಿಲ್ ತೊಟ್ಟಿಕ್ಕುತ್ತೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಮ್ಮೆ ನೀಲಿ ಹೊಗೆ ಬಂದು ನಿಂತರೆ, ಅಥವಾ ಗೇರ್‌ನಲ್ಲೇ ಘಾಟಿ ಇಳಿದು ಮತ್ತೆ ಆ್ಯಕ್ಸಿಲರೇಟರ್ ಒತ್ತಿದಾಗ ಬಂದರೆ ಅನುಮಾನ ಸೀಲ್ ಮೇಲೆ. ಏರು ಹತ್ತುವಾಗ ಬಿಡದೆ ಬಂದರೆ ರಿಂಗ್ ಮೇಲೆ. ಚಳಿಗಾಲದ ಬೆಳಗ್ಗೆ ಬರೋ ಬಿಳಿ ಹಬೆ ಸ್ವಲ್ಪ ಹೊತ್ತಲ್ಲಿ ನಿಂತುಹೋದರೆ ಅದು ಬರೀ ನೀರಾವಿ, ಗಾಬರಿ ಬೇಡ. ನನ್ನ ಕಾರಿನಷ್ಟು ಕಮ್ಮಿ ಕುಡಿದರೆ ಹೊಗೆ ಕಣ್ಣಿಗೆ ಬೀಳದೆಯೂ ಇರಬಹುದು.

ಇದೆಲ್ಲ ಓದಿಕೊಂಡು ಇನ್ನೊಬ್ಬ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಎಂಜಿನ್ ಬಿಚ್ಚದೆ ಕಂಪ್ರೆಷನ್ ಟೆಸ್ಟ್ ಮಾಡಿದ್ರು. ನಾಲ್ಕೂ ಸಿಲಿಂಡರ್ ಸಮ ಇತ್ತು. ಆಯಿಲ್ ರಿಂಗ್ ಚೆನ್ನಾಗಿದೆ ಅಂತ ಇದರಿಂದ ಖಾತ್ರಿ ಆಗಲ್ಲ, ಆದ್ರೆ ಎಂಜಿನ್ ಬಿಚ್ಚುವ ಅವಸರವಿಲ್ಲ ಅಂತ ಗೊತ್ತಾಯ್ತು. ಬೇರಿಂಗ್ ಸದ್ದೂ ಇರಲಿಲ್ಲ, ಅದು ನನ್ನ ಪುಣ್ಯ. ಎಂಜಿನ್ ಒಳಗಿನ ಆವಿ ಹೊರಹೋಗುವ ಪಿ.ಸಿ.ವಿ. ವಾಲ್ವ್ ಕಟ್ಟಿಕೊಂಡಿತ್ತು, ಅದು ಕಟ್ಟಿದರೂ ಆಯಿಲ್ ಖರ್ಚು ಏರುತ್ತೆ. ಬದಲಿಸಲು ಕೆಲವೇ ನೂರು ರೂಪಾಯಿ. "ದಪ್ಪ ಆಯಿಲ್ ಹಾಕಿಬಿಡ್ಲಾ?" ಅಂತ ಕೇಳಿದ್ದಕ್ಕೆ, ಮ್ಯಾನ್ಯುಯಲ್ ಒಪ್ಪುವ ಗ್ರೇಡ್ ಬಿಟ್ಟು ಹೋಗಬೇಡಿ, ಸಾವಿರಕ್ಕೆ ಒಂದು ಲೀಟರ್ ದಾಟಿದರೆ ಅಥವಾ ಖರ್ಚು ದಿಢೀರ್ ಏರಿದರೆ ಆಗ ಬನ್ನಿ ಅಂದ್ರು. ಅಲ್ಲಿಯವರೆಗೆ ಟಾಪ್ ಅಪ್ ಖರ್ಚು ಸಾವಿರ ಕಿ.ಮೀ.ಗೆ ನೂರು ನೂರೈವತ್ತು ರೂಪಾಯಿ. ಅಷ್ಟೇ ದೂರಕ್ಕೆ ಪೆಟ್ರೋಲ್‌ಗೆ ಆರೇಳು ಸಾವಿರ ಸುರೀತೀವಲ್ಲ!

ಈಗ ಎರಡು ಸಲ ಪೆಟ್ರೋಲ್ ಹಾಕಿಸಿದರೆ ಒಂದು ಸಲ ಬಾನೆಟ್ ಎತ್ತೀನಿ. ಸಮತಟ್ಟು ಜಾಗ, ಎಂಜಿನ್ ಆಫ್ ಮಾಡಿ ಹತ್ತು ನಿಮಿಷ, ಕಡ್ಡಿ ಒರೆಸಿ ಮತ್ತೆ ಅದ್ದಿ ನೋಡೋದು. ಕಮ್ಮಿ ಇದ್ರೆ ಸ್ವಲ್ಪ ಸ್ವಲ್ಪವೇ ಹಾಕಬೇಕು. ಮೇಲಿನ ಗುರುತು ದಾಟಿಸಿದರೆ ತಿರುಗುವ ಕ್ರ್ಯಾಂಕ್ ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತೆ, ಅದೂ ಅಪಾಯವೇ.

ಇನ್ಶೂರೆನ್ಸ್ ಕಾಗದ ಹುಡುಕ್ತಾ ಗ್ಲೋವ್ ಬಾಕ್ಸ್‌ನ ತಳದಲ್ಲಿ ಒಂದು ಪುಟ್ಟ ಪಾಕೆಟ್ ಡೈರಿ ಸಿಕ್ತು. ಅಪ್ಪನ ಅಕ್ಷರ. 1,12,400 – ಅರ್ಧ ಲೀ. 1,15,900 – ಅರ್ಧ ಲೀ. ಹೀಗೇ ನಾಲ್ಕು ಪುಟ. ಕೊನೆಯ ಸಾಲು, ಕೀ ನನಗೆ ಕೊಟ್ಟ ತಿಂಗಳಿನದು. ಫೋನ್ ಮಾಡಿ ಶಿರಾಡಿಯಲ್ಲಿ ಆದದ್ದನ್ನೆಲ್ಲ ಹೇಳಿದೆ. ಒಂದು ಕ್ಷಣ ಸುಮ್ಮನಿದ್ದು ಅಪ್ಪ ಅಂದ್ರು: "ಅದು ಕುಡೀತದೆ ಅಂತ ಗೊತ್ತುಂಟು. ಅದಕ್ಕೇ ಅಲ್ವಾ ಪ್ರತಿ ಸಲ ಕೇಳುವುದು?"

ಮೊನ್ನೆ ಅದೇ ಡೈರಿಯಲ್ಲಿ ಬರೆದು ಫೋಟೊ ಕಳಿಸಿದೆ: 1,49,300 – ಕಾಲು ಲೀ. ಎರಡೇ ನಿಮಿಷಕ್ಕೆ ಉತ್ತರ ಬಂತು: "ಫಿಲ್ಟರ್ ಯಾವಾಗ ಬದಲಿಸಿದ್ದು?"