ಹೆದ್ದಾರಿಯಲ್ಲಿ ಹುಟ್ಟಿದ ಹಾಡುಗಳು

ಪಯಣವು ಮನುಷ್ಯನನ್ನು ತನ್ನವರಿಂದ ದೂರ ಒಯ್ಯುತ್ತದೆ ಎಂದೇ ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಅಮೆರಿಕದ ‘ಸನ್ ವೋಲ್ಟ್’ ವಾದ್ಯತಂಡದ ಕಥೆ ಬೇರೊಂದನ್ನು ಹೇಳುತ್ತದೆ.

ಇಲಿನಾಯ್ ರಾಜ್ಯದ ಬೆಲ್‌ವಿಲ್ ಪಟ್ಟಣದ ಶಾಲಾಸ್ನೇಹಿತರು ಕಟ್ಟಿದ ‘ಅಂಕಲ್ ಟ್ಯುಪೆಲೊ’ ತಂಡವು ಗ್ರಾಮೀಣ ಕಂಟ್ರಿ ಸಂಗೀತಕ್ಕೆ ರಾಕ್ ಸಂಗೀತದ ಬಿರುಸನ್ನು ಬೆರೆಸಿತು. 1990ರಲ್ಲಿ ಹೊರಬಂದ ಅದರ ಪ್ರಥಮ ಧ್ವನಿಮುದ್ರಿಕೆ ‘ನೋ ಡಿಪ್ರೆಷನ್’, ‘ಆಲ್ಟ್-ಕಂಟ್ರಿ’ ಎಂಬ ಪ್ರಕಾರಕ್ಕೇ ಇನ್ನೊಂದು ಹೆಸರಾಯಿತು. ಡ್ರಮ್ ವಾದಕ ಮೈಕ್ ಹೈಡಾರ್ನ್ 1992ರಲ್ಲಿ ಕುಟುಂಬಜೀವನವನ್ನು ಆರಿಸಿಕೊಂಡು ತಂಡವನ್ನು ತೊರೆದರು. ಗಾಯಕರಾದ ಜೇ ಫರಾರ್ ಮತ್ತು ಜೆಫ್ ಟ್ವೀಡಿಯವರ ನಡುವೆ ಬಿರುಕು ಮೂಡಿ, 1994ರಲ್ಲಿ ತಂಡವೇ ಒಡೆಯಿತು.

ಬಳಿಕ ಫರಾರ್ ದಕ್ಷಿಣದ ನ್ಯೂ ಆರ್ಲಿಯನ್ಸ್‌ನಲ್ಲಿದ್ದರು. ಹೊಸ ಸಂಗಾತಿಗಳಾದ ಬೋಕ್ವಿಸ್ಟ್ ಸಹೋದರರಿದ್ದುದು ಉತ್ತರದ ಮಿನೆಸೋಟದಲ್ಲಿ. ಮಿಸಿಸಿಪ್ಪಿ ನದಿಯನ್ನು ಅನುಸರಿಸಿ ಸಾಗುವ 61ನೆಯ ಹೆದ್ದಾರಿ ಅವರನ್ನು ಬೆಸೆಯಿತು. ಆ ದೀರ್ಘ ಪಯಣಗಳು 1995ರ ‘ಟ್ರೇಸ್’ ಮುದ್ರಿಕೆಯ ಹಾಡುಗಳಿಗೆ ಪ್ರೇರಣೆಯಾದವು. ಇರುಳಿನ ದಾರಿ, ಕಾರಿನ ರೇಡಿಯೋ, 1993ರ ಮಹಾಪೂರವನ್ನೆದುರಿಸಿದ ಸೇಂಟ್ ಜೆನೆವೀವ್ ಪಟ್ಟಣ ಅವುಗಳಲ್ಲಿ ಸುಳಿಯುತ್ತವೆ. ಅದರಲ್ಲಿ ಡ್ರಮ್ ಬಾರಿಸಿದವರು, ಸಂಸಾರಕ್ಕಾಗಿ ಹಿಂದೆ ಸರಿದಿದ್ದ ಅದೇ ಹೈಡಾರ್ನ್!

ಮುರಿದ ಸ್ನೇಹದಿಂದ ಓಡಿಹೋಗುವವನೂ ಹೊಸ ಬಾಂಧವ್ಯವನ್ನು ಅರಸಿ ಹೊರಟವನೂ ಒಂದೇ ದಾರಿಯಲ್ಲಿ ನಡೆಯಬಹುದು. ಅವರನ್ನು ಬೇರ್ಪಡಿಸುವುದು ದೂರವಲ್ಲ, ಗುರಿ. ದಾರಿಯ ಕೊನೆಯಲ್ಲಿ ತನಗಾಗಿ ಕಾಯುವವರಿದ್ದಾರೆಂದು ಬಲ್ಲವನಿಗೆ ಒಂಟಿ ಪಯಣವೂ ಹಾಡಾದೀತು. ನಮ್ಮ ಮನೆಗಳಿಂದ ದೂರ ಹೋದವರಿಗೆ ಆ ಭರವಸೆಯನ್ನು ನಾವು ನೀಡಿದ್ದೇವೆಯೇ?