‘ಈ ಸಲವೂ ಹೆಣ್ಣೇನಾ?’ ಎನ್ನುವ ಮುನ್ನ

ಮಂಡ್ಯ ಜಿಲ್ಲೆ ಎಂದರೆ ಕಬ್ಬು, ಆಲೆಮನೆ, ಬಿಸಿ ಬೆಲ್ಲ. ಆದರೆ 2023ರ ನವೆಂಬರ್‌ನಲ್ಲಿ ಇಲ್ಲಿನ ಆಲೆಮನೆಯೊಂದು ಬೇರೆ ಕಾರಣಕ್ಕೆ ಸುದ್ದಿಯಾಯಿತು. ಹುಟ್ಟಲಿರುವ ಮಗು ಗಂಡೋ ಹೆಣ್ಣೋ ಎಂದು ಅಲ್ಲಿ ಕದ್ದು ಸ್ಕ್ಯಾನಿಂಗ್ ಮಾಡುತ್ತಿದ್ದರು. ಮರುವರ್ಷ ಮೇ ತಿಂಗಳಲ್ಲಿ ಪಾಂಡವಪುರದ ಆರೋಗ್ಯ ಇಲಾಖೆ ವಸತಿಗೃಹದಲ್ಲೇ ಹೆಣ್ಣು ಭ್ರೂಣಹತ್ಯೆ ಪತ್ತೆಯಾಯಿತು. ಭ್ರೂಣಲಿಂಗ ಪತ್ತೆ 1994ರ ಕಾಯ್ದೆಯಂತೆ ಅಪರಾಧ.

ಸಿಕ್ಕಿಬಿದ್ದವರ ಬಗ್ಗೆ ಎಲ್ಲರೂ ಮಾತನಾಡಿದರು. ಅಂಥ ಕಡೆಗೆ ಹೋಗಬೇಕಾಗಿ ಬಂದ ತಾಯಂದಿರ ಮನಸ್ಸಿನ ಬಗ್ಗೆ ಮಾತನಾಡಿದವರು ಕಡಿಮೆ.

ಆ ನೋವು ಶುರುವಾಗುವುದು ಸ್ಕ್ಯಾನಿಂಗ್ ಯಂತ್ರದ ಮುಂದಲ್ಲ, ಮನೆಯ ಜಗುಲಿಯಲ್ಲಿ. ‘ಈ ಸಲವೂ ಹೆಣ್ಣೇನಾ?’, ‘ವಂಶ ಬೆಳಗಲು ಒಂದು ಗಂಡು ಬೇಡವಾ?’ ಅಜ್ಜಿ-ತಾತಂದಿರೇ, ಕೆಟ್ಟ ಮನಸ್ಸಿಲ್ಲದೆ ಆಡಿದರೂ ಈ ಮಾತು ಸೊಸೆಗೆ ಪೆಟ್ಟೇ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಹೊಡೆತವನ್ನಷ್ಟೇ ದೌರ್ಜನ್ಯ ಎನ್ನುವುದಿಲ್ಲ. ಗಂಡು ಮಗುವಾಗಲಿಲ್ಲವೆಂದು ಹಂಗಿಸುವುದನ್ನೂ ಹೆಸರಿಸಿಯೇ ಸೇರಿಸಿದೆ.

ಮೈಮೇಲಿನ ಬಾಸುಂಡೆ ಕಾಣುತ್ತದೆ, ಮನಸ್ಸಿನದು ಕಾಣುವುದಿಲ್ಲ. ನಿದ್ದೆ ಬಾರದು, ಊಟ ಸೇರದು. ತಲೆನೋವು, ಮೈಕೈ ನೋವು ಬಿಡದು. ಸುಮ್ಮಸುಮ್ಮನೆ ಅಳು, ಎದೆ ಡವಡವ, ಎತ್ತಿಕೊಂಡ ಕೂಸಿನ ಮೇಲೂ ಬೇಸರ. ಇದನ್ನು ‘ಗಾಳಿ ಸೋಕಿದೆ’ ಎಂದೋ ‘ಸೋಮಾರಿ’ ಎಂದೋ ತಳ್ಳಿಹಾಕಬೇಡಿ. ಇದು ಖಿನ್ನತೆಯೋ ಆತಂಕದ ಕಾಯಿಲೆಯೋ ಆಗಿರಬಹುದು, ಚಿಕಿತ್ಸೆಯಿಂದ ಗುಣವಾಗುತ್ತದೆ. ಅಮ್ಮ ಅಳುವ ಮನೆಯಲ್ಲಿ ಮಕ್ಕಳಿಗೂ ಹೊಟ್ಟೆನೋವು, ಭಯ ಕಾಡುತ್ತವೆ. ಪಾಠ ತಲೆಗೆ ಹತ್ತುವುದಿಲ್ಲ.

ಮಕ್ಕಳೇ, ನೀವೊಂದು ಕೆಲಸ ಮಾಡಬಹುದು. ವಿಜ್ಞಾನದ ಪಾಠವನ್ನು ಮನೆಯಲ್ಲಿ ಹೇಳಿ. ತಾಯಿಯಿಂದ ಬರುವುದು ಯಾವಾಗಲೂ ಎಕ್ಸ್ ವರ್ಣತಂತು. ತಂದೆಯಿಂದ ಎಕ್ಸ್ ಬಂದರೆ ಹೆಣ್ಣು, ವೈ ಬಂದರೆ ಗಂಡು. ಯಾವುದು ಬರಬೇಕೆಂಬುದು ತಂದೆಯ ಕೈಯಲ್ಲೂ ಇಲ್ಲ. ಹಾಗಿದ್ದ ಮೇಲೆ ಅಮ್ಮನನ್ನು ದೂರುವುದು ಯಾವ ನ್ಯಾಯ?

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ, ನಿಮ್ಮದು ಯಾವ ತಾಲ್ಲೂಕೇ ಆಗಿರಲಿ, ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ. ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್ ದಾರಿ ತೋರಿಸುತ್ತಾರೆ. ಟೆಲಿ-ಮನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಎನ್ನದೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ದೌರ್ಜನ್ಯ ನಡೆಯುತ್ತಿದ್ದರೆ ಮಹಿಳೆಯರಿಗೆ 181, ಮಕ್ಕಳಿಗೆ 1098, ತುರ್ತಿಗೆ 112. ‘ಬದುಕೋದೇ ಬೇಡ’ ಎಂದು ಯಾರಾದರೂ ಹೇಳಿದರೆ ಗುಟ್ಟಾಗಿಡಬೇಡಿ. ಅವರನ್ನು ಒಂಟಿಯಾಗಿ ಬಿಡದೆ ಕೂಡಲೇ ನೆರವು ಕರೆಯಿರಿ.

‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’ ಎಂದು ಕಲಿಸಿದವರು ಹಿರಿಯರೇ. ಹೆರಿಗೆಯ ಸುದ್ದಿ ಬಂದಾಗ ‘ಗಂಡೋ, ಹೆಣ್ಣೋ?’ ಎನ್ನುವ ಮೊದಲು ‘ನನ್ನ ಸೊಸೆ ಹೇಗಿದ್ದಾಳೆ?’ ಎಂದು ಕೇಳಿ. ಆಮೇಲೆ ಮಗು ಯಾವುದಾದರೂ ಸರಿ, ಕೇರಿಗೆಲ್ಲ ಬೆಲ್ಲ ಹಂಚಿ.